ಅಂತೆಕಂತೆಯೂ ಆಧಾರವೂ

ಕನ್ನಡದಲ್ಲಿ ‘ಅಂತೆ’ ಎಂಬುದೊಂದು ಪುಟ್ಟ ಮಾತಿದೆ. ‘ಆಕೆ ಗೆದ್ದಳು’ ಎಂದರೆ ಆ ಮಾತಿನ ಹೊಣೆ ಹೇಳಿದವನದು. ‘ಆಕೆ ಗೆದ್ದಳಂತೆ’ ಎಂದರೆ ಹೊಣೆ ಇನ್ನಾರದೋ. ಎರಡಕ್ಷರದ ಅಂತರದಲ್ಲಿ ನಮ್ಮ ಭಾಷೆ ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಿಬಿಡುತ್ತದೆ. ಆದರೆ ಈ ಮಾತಿಗೆ ಒಂದು ದೌರ್ಬಲ್ಯವೂ ಉಂಟು. ಹೇಳಿದವರು ಯಾರು, ಎಂದು ಹೇಳಿದರು, ಅವರಿಗೆ ಅದು ಹೇಗೆ ತಿಳಿಯಿತು ಎಂಬುದನ್ನು ‘ಅಂತೆ’ ತಿಳಿಸುವುದಿಲ್ಲ. ಮೇಲಾಗಿ, ಮಾತು ನಾಲ್ಕು ಬಾಯಿ ದಾಟುವಷ್ಟರಲ್ಲಿ ‘ಅಂತೆ’ ಉದುರಿಹೋಗಿ, ಸುದ್ದಿ ಸಂಗತಿಯಾಗಿ ನಿಂತಿರುತ್ತದೆ. ‘ಅಂತೆಕಂತೆ’ ಎಂಬ ಜೋಡುನುಡಿಯನ್ನು ನಮ್ಮ ಹಿರಿಯರು ತಿರಸ್ಕಾರದಿಂದಲೇ ಬಳಸಿದ್ದಕ್ಕೆ ಕಾರಣ ಇದು.

ಈ ಅಂತೆಕಂತೆಗೂ ಆಧಾರಕ್ಕೂ ನಡುವಣ ಗಡಿಯನ್ನು ನಮ್ಮ ಕಾಲದ ಒಂದು ದೊಡ್ಡ ಉದ್ಯಮ ಹೇಗೆ ಕಾಯುತ್ತಿದೆ ಎಂಬುದು ನನ್ನ ಇಂದಿನ ವಿಷಯ. ಅಂತರಜಾಲದ ವಿಶ್ವಕೋಶವಾದ ವಿಕಿಪೀಡಿಯದಲ್ಲಿ ಜೀವಂತ ವ್ಯಕ್ತಿಗಳ ಚರಿತ್ರೆಗಳು ಲಕ್ಷಗಟ್ಟಲೆ ಇವೆ. ಅವುಗಳಲ್ಲಿ ಒಂದು ವರ್ಗವನ್ನು ಮಾತ್ರ ಇಲ್ಲಿ ಆರಿಸಿಕೊಂಡಿದ್ದೇನೆ: ಮಂಜುಗಡ್ಡೆಯ ಮೇಲೆ ಕುಣಿಯುವ ‘ಫಿಗರ್ ಸ್ಕೇಟಿಂಗ್’ ಆಟಗಾರರ ಚರಿತ್ರೆಗಳು. ಕನ್ನಡ ಪಾಠ ಹೇಳಿದ ಮೇಷ್ಟರಿಗೆ ನೀರ್ಗಲ್ಲಿನ ಆಟದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಗ್ರಂಥಸಂಪಾದನೆಯನ್ನು ಬಹುಕಾಲ ಬೋಧಿಸಿದ ನನಗೆ, ಒಂದು ವಾಕ್ಯ ತನ್ನ ಆಧಾರ ಹೊರಬಲ್ಲಷ್ಟು ಭಾರವನ್ನೇ ಹೊತ್ತಿದೆಯೇ ಎಂದು ಪರೀಕ್ಷಿಸುವುದು ಅಭ್ಯಾಸವಾಗಿಬಿಟ್ಟಿದೆ. ಆ ಪರೀಕ್ಷೆಗೆ ಈ ಚರಿತ್ರೆಗಳಷ್ಟು ಒಳ್ಳೆಯ ಕ್ಷೇತ್ರ ಬೇರೊಂದು ನನಗೆ ಕಂಡಿಲ್ಲ.

ಮೊದಲು ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಓಟದಲ್ಲಿ ಮೊದಲು ಮುಟ್ಟಿದವನು ಗೆದ್ದ. ಅದಕ್ಕೆ ಗಡಿಯಾರವೇ ಸಾಕ್ಷಿ. ಸ್ಕೇಟಿಂಗಿನಲ್ಲಿ ಹಾಗಲ್ಲ. ಪಾದರಕ್ಷೆಗೆ ಬಿಗಿದ ಉಕ್ಕಿನ ಅಲಗಿನ ಮೇಲೆ ಜಾರುತ್ತ, ಸಂಗೀತಕ್ಕೆ ಹೊಂದಿಕೊಂಡು ಜಿಗಿಯುವುದು, ಸುತ್ತುವುದು, ನಲಿಯುವುದು; ಅದನ್ನು ನೋಡಿ ಅಂಕ ಕೊಡುವವರು ತೀರ್ಪುಗಾರರು. ಹಿಂದೆ 6 ಅಂಕವೆಂಬುದು ಪರಿಪೂರ್ಣತೆಯ ಗುರುತಾಗಿತ್ತು. 2004ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಘ ಆ ಪದ್ಧತಿಯನ್ನು ಬಿಟ್ಟು, ಒಂದೊಂದು ಜಿಗಿತಕ್ಕೂ ಬೇರೆ ಬೇರೆ ಬೆಲೆ ಕಟ್ಟುವ ಪದ್ಧತಿಯನ್ನು ಒಪ್ಪಿಕೊಂಡಿತು. ಪದ್ಧತಿ ಯಾವುದೇ ಇರಲಿ, ಕೊನೆಗೆ ಫಲಿತಾಂಶವೆಂಬುದು ಕೆಲವು ಮನುಷ್ಯರ ಅಭಿಪ್ರಾಯಗಳ ಮೊತ್ತ. ಅಭಿಪ್ರಾಯವೇ ಸಂಗತಿಯಾಗುವ ಇಂಥ ಆಟದಲ್ಲಿ ಚರಿತ್ರೆ ಬರೆಯುವವನ ಅಭಿಪ್ರಾಯವೂ ಮೆಲ್ಲನೆ ಒಳನುಸುಳುವುದು ಸುಲಭ.

ಇನ್ನು ವಿಶ್ವಕೋಶದ ಮಾತು. ಇಂಗ್ಲಿಷ್ ವಿಕಿಪೀಡಿಯ 2001ರ ಜನವರಿ 15ರಂದು ಆರಂಭವಾಯಿತು, ಕನ್ನಡದ್ದು 2003ರಲ್ಲಿ. ಅದರ ಲೇಖನಗಳನ್ನು ಬಹುಮಟ್ಟಿಗೆ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಪಂಡಿತಮಂಡಲಿಯಿಲ್ಲದ ಕೋಶಕ್ಕೆ ಕಟ್ಟುಪಾಡುಗಳೇ ಪಂಡಿತರು. ಅವುಗಳಲ್ಲಿ ಮುಖ್ಯವಾದವು ಮೂರು. ಬರೆದ ಮಾತನ್ನು ಓದುಗನು ನಂಬತಕ್ಕ ಪ್ರಕಟಿತ ಆಧಾರದಿಂದ ಪರಿಶೀಲಿಸಲು ಸಾಧ್ಯವಿರಬೇಕು ಎಂಬುದು ಒಂದು. ಬರೆಯುವವನು ತನ್ನದೇ ಹೊಸ ಸಂಶೋಧನೆಯನ್ನು ಅಲ್ಲಿ ಮಂಡಿಸಕೂಡದು ಎಂಬುದು ಎರಡನೆಯದು. ವಿವಾದವಿರುವಲ್ಲಿ ಯಾವ ಪಕ್ಷವನ್ನೂ ವಹಿಸದೆ, ಪ್ರಮುಖ ಅಭಿಪ್ರಾಯಗಳನ್ನು ಅವುಗಳ ತೂಕಕ್ಕೆ ತಕ್ಕಂತೆ ನಿರೂಪಿಸಬೇಕು ಎಂಬುದು ಮೂರನೆಯದು. ಈ ಮೂರನೆಯದನ್ನೇ ತಾಟಸ್ಥ್ಯವೆಂದು ಕರೆಯುತ್ತಾರೆ.

ಬದುಕಿರುವವರ ವಿಷಯದಲ್ಲಿ ಕಟ್ಟುಪಾಡು ಇನ್ನಷ್ಟು ಬಿಗಿ. ಅದರ ಹಿಂದೆ ಒಂದು ಕಹಿ ಅನುಭವವಿದೆ. 2005ರ ಮೇ ತಿಂಗಳಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಮೇಲೆ ಒಂದು ಲೇಖನ ಆ ಕೋಶದಲ್ಲಿ ಕಾಣಿಸಿಕೊಂಡಿತು. ಕೆನಡಿ ಸೋದರರ ಕೊಲೆಗಳಲ್ಲಿ ಅವರಿಗೆ ಕೈವಾಡವಿತ್ತೆಂದು ಒಮ್ಮೆ ಶಂಕಿಸಲಾಗಿತ್ತು ಎಂದು ಅದರಲ್ಲಿ ಬರೆದಿತ್ತು. ಶುದ್ಧ ಸುಳ್ಳು, ಯಾರೋ ತಮಾಷೆಗೆಂದು ಬರೆದದ್ದು. ರಾಬರ್ಟ್ ಕೆನಡಿಯವರ ಬಳಿ ಸಹಾಯಕರಾಗಿ ದುಡಿದಿದ್ದ ಮನುಷ್ಯನ ಮೇಲೆ ಈ ಕಳಂಕ ನಾಲ್ಕು ತಿಂಗಳು ಹಾಗೆಯೇ ಕುಳಿತಿತ್ತು. ಆ ವರ್ಷದ ನವೆಂಬರಿನಲ್ಲಿ ಸೀಗೆಂಥಾಲರ್ ಅವರು ಪತ್ರಿಕೆಯಲ್ಲಿ ಬರೆದ ಮೇಲೆ ಲೋಕಕ್ಕೆ ಇದು ಗೊತ್ತಾಯಿತು. ಅಲ್ಲಿಂದಾಚೆಗೆ, ಬದುಕಿರುವವರ ಬಗೆಗೆ ಆಧಾರವಿಲ್ಲದ ವಿವಾದಾಸ್ಪದ ಮಾತು ಕಂಡರೆ ಚರ್ಚೆಗೆ ಕಾಯದೆ ಆ ಕ್ಷಣವೇ ತೆಗೆಯಬೇಕೆಂಬ ನಿಯಮ ರೂಪುಗೊಂಡಿತು. ಆ ಮಾತು ನಿಂದೆಯೇ ಆಗಿರಲಿ, ಹೊಗಳಿಕೆಯೇ ಆಗಿರಲಿ, ನಿಯಮ ಒಂದೇ.

ಸ್ಕೇಟಿಂಗ್ ಆಟಗಾರರ ಚರಿತ್ರೆಗೆ ದೊರೆಯುವ ಆಧಾರಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಸ್ಪರ್ಧೆಯ ಅಧಿಕೃತ ಅಂಕಪಟ್ಟಿಗಳು ಒಂದು. ಆಟಗಾರರೋ ಅವರ ರಾಷ್ಟ್ರೀಯ ಸಂಘವೋ ತಮ್ಮ ಬಗೆಗೆ ತಾವೇ ಹೇಳಿಕೊಂಡದ್ದು ಎರಡು. ಸಂಪಾದಕರ ಕೈಯಡಿಯಲ್ಲಿ ಹಾದುಬಂದ ಪತ್ರಿಕೆ, ಪುಸ್ತಕಗಳು ಮೂರು. ಅಭಿಮಾನಿಗಳ ಬರೆಹ ನಾಲ್ಕು. ಅಂಕಪಟ್ಟಿ ಎಷ್ಟು ಅಂಕ ಬಂತೆಂದು ಹೇಳೀತೇ ಹೊರತು ಕುಣಿತ ಮನೋಹರವಾಗಿತ್ತೆಂದು ಹೇಳಲಾರದು. ಹುಟ್ಟಿದ ಊರು, ಕಲಿತ ಶಾಲೆ ಮೊದಲಾದ ನಿರ್ವಿವಾದ ಸಂಗತಿಗಳಿಗೆ ಆಟಗಾರರ ಸ್ವಂತ ಮಾತು ಸಾಕು. ತಾನೇ ಶ್ರೇಷ್ಠನೆಂಬುದಕ್ಕೆ ಸಾಲದು. ಪತ್ರಿಕೆ, ಪುಸ್ತಕಗಳ ಮೇಲೆಯೇ ಚರಿತ್ರೆಯ ಮುಖ್ಯ ಭಾರ ಬೀಳಬೇಕು. ಅಭಿಮಾನಿಯ ಪ್ರೀತಿ ಎಷ್ಟೇ ನಿಷ್ಕಪಟವಾಗಿರಲಿ, ಅದು ಪ್ರೀತಿಯೇ ಹೊರತು ಪ್ರಮಾಣವಲ್ಲ.

ಹಸ್ತಪ್ರತಿಗಳೊಡನೆ ಒಡನಾಡಿದವರಿಗೆ ಇಲ್ಲೊಂದು ಪರಿಚಿತ ಅಪಾಯ ಕಾಣುತ್ತದೆ. ಒಂದೇ ಮಾತೃಕೆಯಿಂದ ಹತ್ತು ಪ್ರತಿಗಳನ್ನು ನಕಲು ಮಾಡಿದ್ದರೆ ಆ ಹತ್ತೂ ಸೇರಿ ಒಂದೇ ಸಾಕ್ಷಿ. ವಿಶ್ವಕೋಶದಲ್ಲಿ ಯಾರೋ ಆಧಾರವಿಲ್ಲದೆ ಬರೆದ ವಾಕ್ಯವನ್ನು ಪತ್ರಿಕೆಯೊಂದು ಅವಸರದಲ್ಲಿ ಎತ್ತಿಕೊಳ್ಳುತ್ತದೆ. ಅನಂತರ ಆ ಪತ್ರಿಕೆಯನ್ನೇ ಆ ವಾಕ್ಯಕ್ಕೆ ಆಧಾರವೆಂದು ತೋರಿಸಲಾಗುತ್ತದೆ. ಹಾವು ತನ್ನ ಬಾಲವನ್ನು ತಾನೇ ಕಚ್ಚಿದಂತೆ ವೃತ್ತ ಪೂರ್ಣವಾಯಿತು. ಆದ್ದರಿಂದ ಆಧಾರಗಳು ಎಷ್ಟಿವೆ ಎಂದು ಎಣಿಸಿದರೆ ಸಾಲದು; ಅವು ಒಂದಕ್ಕೊಂದು ಸ್ವತಂತ್ರವೇ ಎಂದು ಕೇಳಬೇಕು.

‘ಮೊದಲಿಗ’ ಎಂಬ ಬಿರುದನ್ನೇ ನೋಡಿ. ಗಾಳಿಯಲ್ಲಿ ನಾಲ್ಕು ಸುತ್ತು ಸುತ್ತಿ ಇಳಿದ ಮೊದಲಿಗರು ಯಾರು? 1986ರಲ್ಲಿ ಕೋಪನ್‌ಹೇಗನ್ನಿನಲ್ಲಿ ನಡೆದ ಯೂರೋಪಿನ ಚಾಂಪಿಯನ್‌ಷಿಪ್ಪಿನಲ್ಲಿ ಚೆಕೊಸ್ಲೊವಾಕಿಯದ ಯೋಜೆಫ್ ಸಬೋವ್ಚಿಕ್ ಅಂಥ ಜಿಗಿತವನ್ನು ಮಾಡಿದರು. ಮೊದಲು ಅದಕ್ಕೆ ಮಾನ್ಯತೆಯೂ ಸಿಕ್ಕಿತು. ಕೆಲವು ವಾರಗಳ ಬಳಿಕ, ಇಳಿಯುವಾಗ ಇನ್ನೊಂದು ಕಾಲು ಮಂಜುಗಡ್ಡೆಗೆ ತಗುಲಿತ್ತೆಂಬ ಕಾರಣದಿಂದ ಮಾನ್ಯತೆಯನ್ನು ಹಿಂತೆಗೆದುಕೊಳ್ಳಲಾಯಿತು. 1988ರ ಮಾರ್ಚಿಯಲ್ಲಿ ಬುಡಾಪೆಸ್ಟಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕೆನಡದ ಕರ್ಟ್ ಬ್ರೌನಿಂಗ್ ಮಾಡಿದ ಜಿಗಿತ ಮಾನ್ಯವಾಗಿ ಉಳಿಯಿತು. 1986ರ ಸುದ್ದಿಯನ್ನು ಮಾತ್ರ ಓದಿದವನು ಸಬೋವ್ಚಿಕ್ ಎಂದು ಬರೆದಾನು. ಅವನ ಕೈಯಲ್ಲಿ ಅಚ್ಚಾದ ಆಧಾರವೂ ಇದ್ದೀತು. ಘಟನೆಗೆ ಹತ್ತಿರವಾದ ಆಧಾರವೇ ಯಾವಾಗಲೂ ಉತ್ತಮವಲ್ಲ, ಹಳೆಯ ಹಸ್ತಪ್ರತಿಯೇ ಯಾವಾಗಲೂ ಶುದ್ಧಪ್ರತಿಯಲ್ಲದಂತೆ. ಇಲ್ಲಿ ಸರಿಯಾದ ವಾಕ್ಯ ಹೀಗಿರಬೇಕು: ‘ಸ್ಪರ್ಧೆಯಲ್ಲಿ ಮಾನ್ಯತೆ ಪಡೆದ ನಾಲ್ಕು ಸುತ್ತಿನ ಮೊದಲ ಜಿಗಿತ ಬ್ರೌನಿಂಗ್ ಅವರದು.’ ‘ಮಾನ್ಯತೆ ಪಡೆದ’ ಎಂಬ ಎರಡು ಪದಗಳಲ್ಲಿ ಬ್ರೌನಿಂಗರಿಗೂ ನ್ಯಾಯವಿದೆ, ಸಬೋವ್ಚಿಕರಿಗೂ ನ್ಯಾಯವಿದೆ.

ಮಹಿಳೆಯರಲ್ಲಿಯೂ ಇಂಥದೇ ಪ್ರಸಂಗವಿದೆ. ಫ್ರಾನ್ಸಿನ ಸೂರ್ಯಾ ಬೊನಾಲಿ 1990ರ ದಶಕದ ಆರಂಭದಲ್ಲಿಯೇ ನಾಲ್ಕು ಸುತ್ತಿನ ಜಿಗಿತಕ್ಕೆ ಕೈಹಾಕಿದರು. ಸುತ್ತು ಪೂರ್ಣವಾಗಲಿಲ್ಲವೆಂದು ಅದನ್ನು ಮಾನ್ಯ ಮಾಡಲಿಲ್ಲ. ಮಾನ್ಯತೆ ಸಿಕ್ಕಿದ್ದು 2002ರಲ್ಲಿ, ಜಪಾನಿನ ಮಿಕಿ ಆಂಡೊ ಅವರಿಗೆ. ‘ಪ್ರಯತ್ನಿಸಿದರು’, ‘ಸಾಧಿಸಿದರು’ ಎಂಬ ಎರಡು ಕ್ರಿಯಾಪದಗಳ ನಡುವೆ ಹನ್ನೊಂದು ಹನ್ನೆರಡು ವರ್ಷಗಳ ಚರಿತ್ರೆ ಅಡಗಿದೆ. ಮೊದಲ ಕ್ರಿಯಾಪದದಲ್ಲಿ ಬೊನಾಲಿಯವರ ಧೈರ್ಯಕ್ಕೆ ಸಲ್ಲಬೇಕಾದ ಗೌರವವೂ ಉಳಿದಿದೆ. ಅದನ್ನು ಬಿಟ್ಟುಬಿಡುವುದೂ ಪಕ್ಷಪಾತವೇ.

ಫಲಿತಾಂಶವೇ ಸಂದೇಹಾಸ್ಪದವಾದಾಗ ಬರೆಯುವುದು ಹೇಗೆ? ನಾರ್ವೆಯ ಸೋನ್ಯಾ ಹೆನಿ 1927ರಿಂದ 1936ರವರೆಗೆ ಸತತವಾಗಿ ಹತ್ತು ಸಲ ವಿಶ್ವ ಚಾಂಪಿಯನ್ ಆದವಳು, 1928, 1932, 1936ರ ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವಳು. ಮೊದಲ ವಿಶ್ವವಿಜಯ ಓಸ್ಲೊ ನಗರದಲ್ಲಿ, ತನ್ನವರ ನಡುವೆ, ಹದಿನಾಲ್ಕರ ವಯಸ್ಸಿನಲ್ಲಿ. ಅಂದು ಐವರು ತೀರ್ಪುಗಾರರಲ್ಲಿ ಮೂವರು ನಾರ್ವೆಯವರು. ಆ ಮೂವರೂ ಹೆನಿಗೆ ಮೊದಲ ಸ್ಥಾನ ಕೊಟ್ಟರು. ಉಳಿದಿಬ್ಬರು, ಒಬ್ಬ ಆಸ್ಟ್ರಿಯದವನು, ಒಬ್ಬ ಜರ್ಮನಿಯವನು, ಆಸ್ಟ್ರಿಯದ ಹೆರ್ಮಾ ಸಾಬೊಗೆ ಕೊಟ್ಟರು. ಮುಂದೆ, ಒಂದು ದೇಶಕ್ಕೆ ಒಬ್ಬನೇ ತೀರ್ಪುಗಾರ ಎಂಬ ನಿಯಮ ಬಂತು. ‘ಹೆನಿ ಅನ್ಯಾಯವಾಗಿ ಗೆದ್ದಳು’ ಎಂದು ಬರೆದರೆ ಅದು ಬರೆದವನ ತೀರ್ಪು. ‘ಹೆನಿ ಗೆದ್ದಳು’ ಎಂದಷ್ಟೇ ಬರೆದು ಸುಮ್ಮನಾದರೆ ಅದು ಮುಚ್ಚಿಡುವಿಕೆ. ಐವರಲ್ಲಿ ಮೂವರು ಎಂಬ ಸಂಖ್ಯೆಯನ್ನೂ ಅನಂತರದ ನಿಯಮವನ್ನೂ ಹೇಳಿ ಮಾತು ನಿಲ್ಲಿಸಿದರೆ, ನಿರ್ಣಯ ಓದುಗನ ವಿವೇಕಕ್ಕೆ ಬಿಟ್ಟದ್ದು. ವಿಶೇಷಣ ಮಾಡಲಾರದ ಕೆಲಸವನ್ನು ಇಲ್ಲಿ ಅಂಕಿ ಮಾಡುತ್ತದೆ.

2002ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಒಲಿಂಪಿಕ್ಸ್‌ನಲ್ಲಿ ಜೋಡಿ ಸ್ಪರ್ಧೆಯ ಚಿನ್ನ ರಷ್ಯದ ಎಲೆನಾ ಬೆರೆಜ್ನಾಯಾ ಮತ್ತು ಆಂಟನ್ ಸಿಖರುಲಿಡ್ಜೆ ಅವರಿಗೆ ಹೋಯಿತು. ಒಂಬತ್ತು ತೀರ್ಪುಗಾರರಲ್ಲಿ ಐವರು ಅವರ ಪರ, ನಾಲ್ವರು ಕೆನಡದ ಜೇಮಿ ಸಾಲೆ, ಡೇವಿಡ್ ಪೆಲ್ಟಿಯೆ ಜೋಡಿಯ ಪರ. ತನ್ನ ಮೇಲೆ ಒತ್ತಡವಿತ್ತೆಂದು ಫ್ರಾನ್ಸಿನ ತೀರ್ಪುಗಾರ್ತಿ ಮೊದಲು ಹೇಳಿದರು. ಬಳಿಕ ಮಾತು ಬದಲಿಸಿದರು. ಕೆಲವೇ ದಿನಗಳಲ್ಲಿ ಕೆನಡದ ಜೋಡಿಗೂ ಚಿನ್ನ ಕೊಡಲಾಯಿತು. ರಷ್ಯದವರ ಚಿನ್ನ ಅವರಲ್ಲಿಯೇ ಉಳಿಯಿತು. ಆ ತೀರ್ಪುಗಾರ್ತಿಯನ್ನೂ ಫ್ರಾನ್ಸಿನ ಸಂಘದ ಅಧ್ಯಕ್ಷರನ್ನೂ ಮೂರು ವರ್ಷ ದೂರವಿಡಲಾಯಿತು. ಇದಿಷ್ಟು ದಾಖಲೆ. ಇದರಲ್ಲಿ ಸ್ಪರ್ಧಿಗಳಾದ ನಾಲ್ವರ ಮೇಲೂ ತಪ್ಪು ಹೊರಿಸಿದ ತೀರ್ಪಿಲ್ಲ. ಹಗರಣ ಪೀಠದ್ದು, ಹೆಸರು ಆಟಗಾರರದ್ದು. ರಷ್ಯದ ಆ ಇಬ್ಬರ ಚರಿತ್ರೆ ಬರೆಯುವಾಗ ‘ಹಗರಣದ ಚಿನ್ನ’ ಎಂದು ಶೀರ್ಷಿಕೆ ಕೊಟ್ಟರೆ, ವಾಕ್ಯಗಳೆಲ್ಲ ನಿಜವಾಗಿದ್ದರೂ ಲೇಖನ ಸುಳ್ಳಾಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಅಪರಾಧದ ಮಾತು ಬಂದಾಗ. 1994ರ ಜನವರಿ 6ರಂದು ಡೆಟ್ರಾಯಿಟ್ ನಗರದಲ್ಲಿ ಅಭ್ಯಾಸ ಮುಗಿಸಿ ಬರುತ್ತಿದ್ದ ಅಮೆರಿಕದ ನ್ಯಾನ್ಸಿ ಕೆರಿಗನ್ ಅವರ ಕಾಲಿಗೆ ಒಬ್ಬ ದೊಣ್ಣೆಯಿಂದ ಹೊಡೆದ. ಅದರ ಸಂಚಿನಲ್ಲಿ ಅವರ ಪ್ರತಿಸ್ಪರ್ಧಿ ಟೋನ್ಯಾ ಹಾರ್ಡಿಂಗ್ ಅವರ ಮಾಜಿ ಗಂಡನೂ ಇದ್ದ. ‘ಹಾರ್ಡಿಂಗ್ ಹೊಡೆಸಿದಳಂತೆ’ ಎಂಬುದು ಲೋಕದ ಮಾತು. ದಾಖಲೆ ಏನು ಹೇಳುತ್ತದೆ? 1994ರ ಮಾರ್ಚಿಯಲ್ಲಿ ನ್ಯಾಯಾಲಯದ ಮುಂದೆ ಆಕೆ ಒಪ್ಪಿಕೊಂಡದ್ದು ಅಪರಾಧದ ವಿಚಾರಣೆಗೆ ಅಡ್ಡಿಪಡಿಸುವ ಸಂಚಿನ ತಪ್ಪನ್ನು. ಅದಕ್ಕೆ ದಂಡ, ಸಮಾಜಸೇವೆ, ಮೂರು ವರ್ಷಗಳ ನಡತೆಯ ನಿಗಾ ವಿಧಿಸಲಾಯಿತು. ಅದೇ ವರ್ಷದ ಜೂನ್ 30ರಂದು ಅಮೆರಿಕದ ಸ್ಕೇಟಿಂಗ್ ಸಂಘದ ಶಿಸ್ತುಮಂಡಲಿ, ದಾಳಿಯ ವಿಷಯ ಆಕೆಗೆ ಮೊದಲೇ ಗೊತ್ತಿತ್ತೆಂದು ತೀರ್ಮಾನಿಸಿ, ಆ ವರ್ಷದ ಪ್ರಶಸ್ತಿಯನ್ನು ಕಿತ್ತುಕೊಂಡು ಜೀವನಪರ್ಯಂತ ನಿಷೇಧಿಸಿತು. ದಾಳಿಯ ಸಂಚಿನಲ್ಲಿ ತಾನು ಭಾಗಿಯಲ್ಲವೆಂಬುದು ಆಕೆಯ ನಿಲುವು. ನ್ಯಾಯಾಲಯದ ಮಾತು ಒಂದು, ಸಂಘದ ಮಾತು ಒಂದು, ಆಕೆಯ ಮಾತು ಒಂದು. ಮೂರನ್ನೂ ಅವರವರ ಬಾಯಲ್ಲಿಯೇ ಇಟ್ಟು ಬರೆಯುವುದು ತಾಟಸ್ಥ್ಯ. ಮೂರನ್ನೂ ಕಲಸಿ ‘ಹೊಡೆಸಿದಳು’ ಎಂದರೆ ಆಧಾರ ಹೊರಲಾರದ ಭಾರ. ‘ಏನೂ ಸಿದ್ಧವಾಗಲಿಲ್ಲ’ ಎಂದರೂ ಅಷ್ಟೇ ಸುಳ್ಳು. 1991ರಲ್ಲಿ ಸ್ಪರ್ಧೆಯಲ್ಲಿ ಮೂರೂವರೆ ಸುತ್ತಿನ ‘ಟ್ರಿಪಲ್ ಆಕ್ಸೆಲ್’ ಜಿಗಿತವನ್ನು ಸಾಧಿಸಿದ ಮೊದಲ ಅಮೆರಿಕನ್ ಮಹಿಳೆ ಆಕೆ ಎಂಬುದಕ್ಕೂ ಅದೇ ಲೇಖನದಲ್ಲಿ ಜಾಗವಿರಬೇಕು.

ಈಚಿನ ಉದಾಹರಣೆ ಇನ್ನೂ ಮನಕಲಕುವಂಥದು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯದ ಕಮಿಲಾ ವಲಿಯೆವಾ ಎಂಬ ಹುಡುಗಿಗೆ ಹದಿನೈದು ವರ್ಷ. ತಂಡದ ಸ್ಪರ್ಧೆಯಲ್ಲಿ ಆಕೆಯ ತಂಡ ಮೊದಲು ಬಂದ ಮಾರನೆಯ ದಿನ ಒಂದು ವರದಿ ಬಂತು: 2021ರ ಡಿಸೆಂಬರ್ 25ರಂದು ತೆಗೆದ ಮಾದರಿಯಲ್ಲಿ ಟ್ರೈಮೆಟಜಿಡೀನ್ ಎಂಬ ನಿಷಿದ್ಧ ಹೃದ್ರೋಗದ ಔಷಧಿ ಕಂಡಿದೆ. ಫೆಬ್ರವರಿ 14ರಂದು ಕ್ರೀಡಾ ನ್ಯಾಯಮಂಡಲಿ ಆಕೆ ಆಡಬಹುದೆಂದಿತು. ವೈಯಕ್ತಿಕ ಸ್ಪರ್ಧೆಯಲ್ಲಿ ಆಕೆ ಬಿದ್ದೆದ್ದು ನಾಲ್ಕನೆಯ ಸ್ಥಾನಕ್ಕೆ ಇಳಿದಳು. 2024ರ ಜನವರಿ 29ರಂದು ಅದೇ ಮಂಡಲಿ, ಮಾದರಿ ತೆಗೆದ ದಿನದಿಂದ ನಾಲ್ಕು ವರ್ಷಗಳ ನಿಷೇಧ ವಿಧಿಸಿತು. ತಂಡದ ಚಿನ್ನ ಅಮೆರಿಕಕ್ಕೆ, ಬೆಳ್ಳಿ ಜಪಾನಿಗೆ ಹೋಯಿತು. ಎರಡು ವರ್ಷಗಳಲ್ಲಿ ಈ ಒಂದು ಚರಿತ್ರೆ ಎಷ್ಟು ಸಲ ತಿರುಗಿತು ನೋಡಿ! ಪ್ರತಿ ತಿರುವಿನಲ್ಲಿಯೂ ಬರೆಯುವವನಿಗೆ ಎರಡು ಆಮಿಷ: ಮುಂಚಿತವಾಗಿ ಅಪರಾಧಿ ಎನ್ನುವುದು, ಇಲ್ಲವೇ ಮುಂಚಿತವಾಗಿ ನಿರಪರಾಧಿ ಎನ್ನುವುದು. ತೀರ್ಪು ಬರುವವರೆಗೆ ‘ವಿಚಾರಣೆಯಲ್ಲಿದೆ’ ಎಂದು ತಾರೀಖಿನೊಡನೆ ಬರೆದು ಕಾಯುವ ತಾಳ್ಮೆಯೇ ಇಲ್ಲಿ ವಿದ್ವತ್ತು.

ಇಷ್ಟು ಉದಾಹರಣೆಗಳ ಮೇಲೆ ಒಂದು ತಪ್ಪುಗ್ರಹಿಕೆಯನ್ನು ತೊಡೆಯಬಹುದೆಂದು ಕಾಣುತ್ತದೆ. ತಾಟಸ್ಥ್ಯವೆಂದರೆ ಒಂದು ಚಮಚ ಹೊಗಳಿಕೆಗೆ ಒಂದು ಚಮಚ ತೆಗಳಿಕೆ ಬೆರೆಸುವುದಲ್ಲ. ಎರಡು ಪಕ್ಷಕ್ಕೂ ಸಮ ಅಳತೆಯ ಜಾಗ ಕೊಡುವುದೂ ಅಲ್ಲ. ಒಂದು ಪಕ್ಷದ ಹಿಂದೆ ಕೂಲಂಕಷ ವಿಚಾರಣೆಯಿದ್ದು ಇನ್ನೊಂದರ ಹಿಂದೆ ಬರಿಯ ಗುಸುಗುಸು ಇದ್ದರೆ ಸಮಭಾಗವೇ ವಂಚನೆ. ಎಲ್ಲವನ್ನೂ ನಯವಾಗಿ ನುಂಗಿಕೊಳ್ಳುವ ಮೌನವಂತೂ ಅಲ್ಲವೇ ಅಲ್ಲ. ಯಾವ ಮಾತು ಯಾರದು ಎಂಬುದನ್ನು ಕಾಣಿಸುವುದು, ಮಾತಿಗೆ ಅದರ ಆಧಾರದಷ್ಟೇ ಭಾರ ಕೊಡುವುದು, ಇಷ್ಟೇ ತಾಟಸ್ಥ್ಯ. ‘ಅಂತೆ’ಗೆ ಒಬ್ಬ ಒಡೆಯನನ್ನು ಹುಡುಕಿಕೊಡುವುದು ಎಂದರೂ ನಡೆದೀತು.

ಈ ಶಿಸ್ತು ಕನ್ನಡಕ್ಕೆ ಹೊಸದಲ್ಲ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಹೊರಬಂತು. ಅವರು ಕವಿಯ ಕಾಲ, ದೇಶ, ಆಶ್ರಯದಾತರನ್ನು ಹೇಳುವಾಗ ಕೃತಿಯೊಳಗಿನ ಪದ್ಯಗಳನ್ನೂ ಶಾಸನಗಳನ್ನೂ ಮುಂದಿಟ್ಟು ಮಾತನಾಡಿದರು. ಆ ಕವಿಗಳು ಅಳಿದು ಶತಮಾನಗಳಾಗಿದ್ದುವು, ತಪ್ಪಾದರೆ ನೊಂದುಕೊಳ್ಳುವವರಿರಲಿಲ್ಲ. ಆದರೂ ಅವರು ಎಚ್ಚರ ತಪ್ಪಲಿಲ್ಲ. ಹಾಗಿರುವಾಗ, ನಾಳೆ ಬೆಳಗ್ಗೆ ತನ್ನ ಹೆಸರನ್ನು ತಾನೇ ಹುಡುಕಿ ಓದಬಹುದಾದ ಹದಿನೈದರ ಹುಡುಗಿಯ ಚರಿತ್ರೆ ಬರೆಯುವವನಿಗೆ ಎಷ್ಟು ಎಚ್ಚರ ಬೇಡ! ಆಟ ನಾಲ್ಕು ನಿಮಿಷದ್ದು. ಪುಟ ಬದುಕಿನುದ್ದಕ್ಕೂ ಉಳಿಯುವಂಥದು. ಕೆಲಸ ಕೇಳಲು ಹೋದಾಗ, ಸಂಬಂಧ ಬೆಳೆಸುವಾಗ, ಮಕ್ಕಳು ದೊಡ್ಡವರಾದಾಗ, ಆ ಪುಟ ಅವರಿಗಿಂತ ಮೊದಲೇ ಬಾಗಿಲಲ್ಲಿ ಹೋಗಿ ನಿಂತಿರುತ್ತದೆ.

ಇಂಥ ಲೇಖನಗಳನ್ನು ಕನ್ನಡಕ್ಕೆ ತರುವ ತರುಣರು ನಮ್ಮಲ್ಲಿದ್ದಾರೆ. ಅವರ ಶ್ರಮ ದೊಡ್ಡದು. ಅವರಿಗೆ ನನ್ನ ಒಂದೇ ಬಿನ್ನಹ. ವಾಕ್ಯವನ್ನು ತರುವಾಗ ಅದರ ಅಡಿಟಿಪ್ಪಣಿಯನ್ನೂ ತನ್ನಿ. ಬೇರು ಕತ್ತರಿಸಿ ತಂದ ಗಿಡ ಎರಡು ದಿನ ಹಸುರಾಗಿ ಕಂಡೀತು, ಅಷ್ಟೇ. ಶಂಕೆ, ಆರೋಪ, ತಪ್ಪೊಪ್ಪಿಗೆ, ತೀರ್ಪು, ನಿಷೇಧ, ಇವು ಐದೂ ಬೇರೆ ಬೇರೆ. ಕಿವಿಗೆ ಇಂಪೆಂದು ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಕಡಲಾಚೆಯ ಒಬ್ಬ ಮನುಷ್ಯನಿಗೆ ನಾವು ಇಲ್ಲಿ ಕುಳಿತು ಅನ್ಯಾಯ ಮಾಡಿದಂತಾಗುತ್ತದೆ. ಅವರಿಗೆ ಕನ್ನಡ ಬಾರದೆಂಬುದು ಸಮಾಧಾನವಲ್ಲ. ಉತ್ತರ ಕೊಡಲಾರದವರ ವಿಷಯದಲ್ಲಿ ಹೊಣೆ ಇಮ್ಮಡಿ.

ಓದುಗರ ಪಾಲಿಗೂ ಒಂದು ಕೆಲಸವಿದೆ. ಅಂಥ ಪುಟದಲ್ಲಿ ವಾಕ್ಯದ ಕೊನೆಗೆ ನೆತ್ತಿಯ ಮೇಲೆ ಒಂದು ಸಣ್ಣ ಅಂಕಿ ಇರುತ್ತದೆ. ಅದನ್ನು ಒತ್ತಿದರೆ ಆಧಾರ ಕಾಣುತ್ತದೆ. ಲೇಖನ ಯಾವ ದಿನ ಹೇಗಿತ್ತು, ಯಾವ ತಿದ್ದುಪಡಿ ಯಾವಾಗ ಬಂತು ಎಂಬ ಚರಿತ್ರೆಯೂ ಅಲ್ಲಿಯೇ ತೆರೆದಿರುತ್ತದೆ. ಚರ್ಚೆಗೆಂದೇ ಬೇರೊಂದು ಪುಟವಿರುತ್ತದೆ. ಅಚ್ಚಾದ ಕೋಶಗಳಲ್ಲಿ ಸಂಪಾದಕರ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಇಲ್ಲಿ ಅದು ತೆರೆದಿದೆ. ಒಳಗೆ ಇಣುಕಿ ನೋಡದೆ ‘ಅಲ್ಲಿ ಬರೆದಿದೆ’ ಎಂದು ಸಾರುವವನು ಹೊಸ ಅಂತೆಕಂತೆಯ ಮೊದಲ ಕೊಂಡಿಯಾಗುತ್ತಾನೆ. ಆ ಸಣ್ಣ ಅಂಕಿಯನ್ನು ಒತ್ತಿ ನೋಡಲು ಅರ್ಧ ನಿಮಿಷ ಸಾಕು. ಮತ್ತೊಬ್ಬರ ಹೆಸರಿಗೆ ಸಲ್ಲಿಸಬೇಕಾದ ಮರ್ಯಾದೆ ಅದಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಲಾರದು.